ಚಗಳಿ ಕಚ್ಚಿದ ಉರಿಯ ಹಿಂದಿನ ರಸಾಯನ

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಸಮೀಪ ರೊಬಸ್ಟಾ ಕಾಫಿ ಮತ್ತು ಕಾಳುಮೆಣಸು ಬೆಳೆಯುತ್ತೇವೆ. ಕೊಯ್ಲಿನ ಸಮಯದಲ್ಲಿ ಕೊಂಬೆ ಬಗ್ಗಿಸಿದೊಡನೆ, ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಗಳು ಮೈಮೇಲೆ ಉದುರಿ ಕಚ್ಚುತ್ತವೆ. ಒಂದನ್ನು ಹೊಸಕಿದರೆ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ, ಮರುಕ್ಷಣವೇ ಹತ್ತಾರು ಇರುವೆಗಳು ಅದೇ ಜಾಗಕ್ಕೆ ಮುತ್ತುತ್ತವೆ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಹಾಕುವ ಫಾರ್ಮಿಕ್ ಆಸಿಡ್ಡೇ ಇರುವೆಯಲ್ಲಿಯೂ ಇದೆ ಎಂದು ಸಂಪಾಜೆ ಕಡೆಯ ನೆಂಟರೊಬ್ಬರು ಹೇಳುತ್ತಾರೆ. ಇದು ನಿಜವೇ? ಇರುವೆಗಳು ಬೇರೆ ಏನೇನು ರಾಸಾಯನಿಕಗಳನ್ನು ತಯಾರಿಸುತ್ತವೆ, ಪ್ರಕೃತಿಯಲ್ಲಿ ಅವುಗಳ ಪಾತ್ರವೇನು? ತೋಟದ ಇರುವೆಗಳನ್ನೆಲ್ಲ ಔಷಧಿ ಹೊಡೆದು ತೆಗೆದರೆ ಲಾಭವೇ, ನಷ್ಟವೇ?

ಉತ್ತರ: ನಿಮ್ಮ ನೆಂಟರ ಮಾತು ನಿಜ. ಚಗಳಿಯ ಹಿಂಭಾಗದಿಂದ ಚಿಮ್ಮುವುದೂ ರಬ್ಬರ್ ಹಾಲಿಗೆ ಬೆರೆಸುವುದೂ ಒಂದೇ ಅಣು. ಒಂದು ಕಾರ್ಬನ್, ಎರಡು ಆಕ್ಸಿಜನ್, ಎರಡು ಹೈಡ್ರೋಜನ್ ಪರಮಾಣುಗಳಿರುವ, ಸಾವಯವ ಆಮ್ಲಗಳಲ್ಲೆಲ್ಲ ಅತ್ಯಂತ ಚಿಕ್ಕದಾದ ಫಾರ್ಮಿಕ್ ಆಮ್ಲ. ಕ್ಯಾನಿನಲ್ಲಿ ಬರುವ ಆಮ್ಲಕ್ಕೂ ಇರುವೆಗೂ ಇಂದು ಯಾವ ಸಂಬಂಧವೂ ಇಲ್ಲ, ಅದನ್ನು ಕಾರ್ಖಾನೆಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಮೆಥನಾಲಿನಿಂದ ತಯಾರಿಸುತ್ತಾರೆ. ಆದರೆ ಮನುಷ್ಯನಿಗೆ ಈ ಆಮ್ಲದ ಪರಿಚಯವಾದದ್ದು ಇರುವೆಯಿಂದಲೇ. 1670ರ ಸುಮಾರಿಗೆ ಇಂಗ್ಲೆಂಡಿನ ಪ್ರಕೃತಿ ವಿಜ್ಞಾನಿ ಜಾನ್ ರೇ ಇರುವೆಗಳನ್ನು ರಾಶಿ ಹಾಕಿ ಭಟ್ಟಿ ಇಳಿಸಿದಾಗ ಒಂದು ಹುಳಿ ದ್ರವ ಬರುತ್ತದೆಂದು ವರದಿ ಮಾಡಿದರು. 1749ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಆಂಡ್ರಿಯಾಸ್ ಮಾರ್ಗ್‌ಗ್ರಾಫ್ ಅದನ್ನು ಶುದ್ಧಗೊಳಿಸಿ ಅದರ ಗುಣಗಳನ್ನು ವಿವರಿಸಿದರು.

ಇರುವೆಯ ದೇಹದಲ್ಲಿ ಈ ಆಮ್ಲ ಹುಟ್ಟುವುದು ಹೊಟ್ಟೆಯ ತುದಿಯ ಬಳಿಯಿರುವ ವಿಷಗ್ರಂಥಿಯಲ್ಲಿ. ಸೆರೀನ್ ಮತ್ತು ಗ್ಲೈಸೀನ್ ಎಂಬ ಸಾಮಾನ್ಯ ಅಮೈನೋ ಆಮ್ಲಗಳಿಂದ ಒಂದೊಂದು ಕಾರ್ಬನ್ ಕಳಚಿಕೊಂಡು, ಗ್ರಂಥಿಯ ಜೀವಕೋಶಗಳು ಅದನ್ನು ಫಾರ್ಮಿಕ್ ಆಮ್ಲವಾಗಿ ಪರಿವರ್ತಿಸಿ, ಒಳಗೋಡೆಗೆ ಗಟ್ಟಿ ಪೊರೆಯಿರುವ ಚೀಲವೊಂದರಲ್ಲಿ ಕೂಡಿಡುತ್ತವೆ. ಆ ಪೊರೆಯಿಲ್ಲದಿದ್ದರೆ ಇರುವೆ ತನ್ನ ಆಮ್ಲದಿಂದ ತಾನೇ ಸಾಯಬೇಕಿತ್ತು, ಏಕೆಂದರೆ ಚೀಲದಲ್ಲಿರುವುದು ಸಾಮಾನ್ಯ ಸಾಂದ್ರತೆಯ ದ್ರವವಲ್ಲ. ಯೂರೋಪಿನ ಕಾಡಿರುವೆಗಳಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಆಮ್ಲವೇ ಇರಬಹುದು. ಅಂಗಡಿಯ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ನೂರಕ್ಕೆ ನಾಲ್ಕೈದು ಭಾಗ ಮಾತ್ರ. ಅಲ್ಲದೆ ಅಸಿಟಿಕ್ ಆಮ್ಲಕ್ಕಿಂತ ಫಾರ್ಮಿಕ್ ಆಮ್ಲ ಸುಮಾರು ಹತ್ತು ಪಟ್ಟು ಪ್ರಬಲ. ಮಲೆನಾಡಿನ ಕೆಲವು ಕಡೆ ಚಗಳಿ ಚಟ್ನಿಗೆ, 2024ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಒಡಿಶಾದ ಸಿಮಿಲಿಪಾಲ್ ‘ಕಾಯಿ’ (ಅಲ್ಲಿ ಚಗಳಿಗೇ ಆ ಹೆಸರು) ಚಟ್ನಿಗೆ ಹುಳಿ ಕೊಡುವುದೂ ಇದೇ ಆಮ್ಲ.

ಚಗಳಿ ಕಚ್ಚುವುದನ್ನು ಒಮ್ಮೆ ತಾಳ್ಮೆಯಿಂದ, ಸಾಧ್ಯವಾದರೆ ಭೂತಗನ್ನಡಿ ಹಿಡಿದು ನೋಡಿ. ಮೊದಲು ದವಡೆಗಳೆರಡನ್ನೂ ಚರ್ಮಕ್ಕೆ ಊರಿ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಹಿಂಭಾಗವನ್ನು ಕೆಳಗಿನಿಂದ ಮುಂದಕ್ಕೆ ಬಾಗಿಸಿ, ಅದರ ತುದಿಯಲ್ಲಿರುವ, ಸುತ್ತ ಸಣ್ಣ ಕೂದಲುಗಳ ಅಂಚುಳ್ಳ ರಂಧ್ರದಿಂದ ಆಮ್ಲವನ್ನು ತಾನೇ ಮಾಡಿದ ಗಾಯದ ಮೇಲೆ ಸಿಂಪಡಿಸುತ್ತದೆ. ಚಗಳಿಗೆ ಕೊಂಡಿಯಿಲ್ಲ. ಮನೆಯ ಸುತ್ತ ಓಡಾಡುವ ದೊಡ್ಡ ಕಪ್ಪು ಗೊದ್ದವೂ ಸೇರುವ ಫಾರ್ಮಿಸಿನೇ ಎಂಬ ಉಪಕುಟುಂಬದ ಇರುವೆಗಳೆಲ್ಲ ಚುಚ್ಚುವ ಕೊಂಡಿಯನ್ನು ಕಳೆದುಕೊಂಡು ಅದರ ಬದಲಿಗೆ ಈ ಸಿಂಪಡಣೆಯನ್ನು ರೂಢಿಸಿಕೊಂಡಿವೆ. ಗೂಡಿಗೆ ಕೋಲು ತಾಗಿಸಿ, ಒಂದು ಗೇಣು ದೂರದಲ್ಲಿ ಒದ್ದೆ ಮಾಡಿದ ನೀಲಿ ಲಿಟ್ಮಸ್ ಕಾಗದ ಹಿಡಿದರೆ ಅದರ ಮೇಲೆ ಕೆಂಪು ಚುಕ್ಕಿಗಳು ಏಳುವುದನ್ನು ಮಕ್ಕಳಿಗೂ ತೋರಿಸಬಹುದು. ಕಣ್ಣಿಗೆ ಮಾತ್ರ ಕನ್ನಡಕವಿರಲಿ.

ಚಿಕಿತ್ಸೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಚಗಳಿ ಕಚ್ಚಿದ ಜಾಗವನ್ನು ನೀರಿನಲ್ಲಿ ಚೆನ್ನಾಗಿ ತೊಳೆದರೆ ಸಾಕು. ಸುಣ್ಣ ಹಚ್ಚುವ ವಾಡಿಕೆಗೆ ರಸಾಯನದ ಆಧಾರವೇನೋ ಇದೆ, ಸುಣ್ಣ ಕ್ಷಾರವಾದ್ದರಿಂದ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಆದರೆ ಸುಣ್ಣವೇ ಚರ್ಮವನ್ನು ಸುಡುವ ವಸ್ತು, ಅದರಲ್ಲೂ ಕಣ್ಣಿನ ಹತ್ತಿರ ಅದನ್ನು ಒಯ್ಯಲೇಬಾರದು. ಮರಕ್ಕೆ ಏಣಿ ಇಟ್ಟು ಮೆಣಸು ಕೊಯ್ಯುವವರ ಕಣ್ಣಿಗೆ ಆಮ್ಲ ಸಿಡಿದರೆ ಹದಿನೈದು ನಿಮಿಷವಾದರೂ ಶುದ್ಧ ನೀರು ಹಾಯಿಸಿ, ಉರಿ ಉಳಿದರೆ ವೈದ್ಯರಿಗೆ ತೋರಿಸಬೇಕು.

ಎಲ್ಲ ಇರುವೆಗಳಲ್ಲಿಯೂ ಫಾರ್ಮಿಕ್ ಆಮ್ಲವಿದೆ ಎಂಬ ತಿಳಿವಳಿಕೆ ಮಾತ್ರ ತಪ್ಪು, ಮತ್ತು ಇದು ಕೆಲವೊಮ್ಮೆ ಅಪಾಯಕಾರಿಯಾದ ತಪ್ಪು. ಒಣಗಿದ ಕೊಂಬೆ, ತೊಗಟೆಗಳ ಪೊಳ್ಳಿನಲ್ಲಿ ವಾಸಿಸುವ, ತಲೆ ಮತ್ತು ಹಿಂಭಾಗ ಕಪ್ಪು, ನಡು ಕೆಂಪಾಗಿರುವ ಉದ್ದನೆಯ ಇರುವೆಯೊಂದಿದೆ. ಅದರ ಹೆಸರು ಟೆಟ್ರಾಪೊನೆರಾ ರುಫೊನೈಗ್ರಾ. ಅದು ಕಣಜದ ಹಾಗೆ ಕೊಂಡಿಯಿಂದ ಚುಚ್ಚಿ ಪ್ರೋಟೀನುಗಳಿರುವ ವಿಷವನ್ನು ಒಳಗೆ ಬಿಡುತ್ತದೆ. ಈ ಪ್ರೋಟೀನುಗಳಿಗೆ ಅಲರ್ಜಿಯಿರುವವರಲ್ಲಿ ಉಸಿರು ಕಟ್ಟಿ ರಕ್ತದೊತ್ತಡ ಕುಸಿಯುವ ತೀವ್ರ ಪ್ರತಿಕ್ರಿಯೆಗಳು ಶ್ರೀಲಂಕಾ ಮತ್ತು ಥಾಯ್ಲೆಂಡಿನಲ್ಲಿ ದಾಖಲಾಗಿವೆ. ಅಂಥ ಸಂದರ್ಭದಲ್ಲಿ ನೀರೂ ಸುಣ್ಣವೂ ಪ್ರಯೋಜನಕ್ಕೆ ಬಾರವು. ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೆಂಕಿ ಇರುವೆಗಳೆಂದು ಹೆಸರಾದ ಸೊಲೆನಾಪ್ಸಿಸ್ ಕುಲದ ವಿಷ ಮೂರನೆಯ ಬಗೆಯದು. ಅದರಲ್ಲಿ ಪ್ರೋಟೀನು ಅತ್ಯಲ್ಪ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಎಣ್ಣೆಯಂಥ ಪಿಪೆರಿಡೀನ್ ಆಲ್ಕಲಾಯ್ಡುಗಳು, ಅಂದರೆ ನಿಮ್ಮ ಕಾಳುಮೆಣಸಿಗೆ ಖಾರ ಕೊಡುವ ಪೈಪರೀನಿನ ದೂರದ ಬಂಧುಗಳು. ಅಮೆರಿಕದಲ್ಲಿ ನೆಲೆಯೂರಿದ ಒಂದು ಜಾತಿಯ ಹುಚ್ಚಿರುವೆ ಈ ಬೆಂಕಿ ಇರುವೆಯ ವಿಷ ಮೈಮೇಲೆ ಬಿದ್ದಾಗ, ಹಿಂಗಾಲ ಮೇಲೆ ನಿಂತು ತನ್ನದೇ ಫಾರ್ಮಿಕ್ ಆಮ್ಲವನ್ನು ಬಾಯಿಗೆ ತೆಗೆದುಕೊಂಡು ಮೈಗೆಲ್ಲ ಬಳಿದುಕೊಳ್ಳುತ್ತದೆ, ಮತ್ತು ಹೆಚ್ಚಿನವು ಬದುಕಿ ಉಳಿಯುತ್ತವೆ. ಒಂದು ಇರುವೆಯ ಆಯುಧ ಇನ್ನೊಂದರ ವಿಷಕ್ಕೆ ಮದ್ದಾಗುವ ಈ ಸಂಗತಿ 2014ರಲ್ಲಿ ಪ್ರಕಟವಾದಾಗ ಕೀಟಶಾಸ್ತ್ರಜ್ಞರಿಗೇ ಹೊಸದಾಗಿತ್ತು.

ಒಂದನ್ನು ಹೊಸಕಿದರೆ ಹತ್ತಾರು ಬರುತ್ತವೆ ಎಂಬ ನಿಮ್ಮ ಮಾತೇ ನನಗೆ ಹೆಚ್ಚು ಇಷ್ಟವಾದದ್ದು. ಇರುವೆಗಳು ಪರಸ್ಪರ ವ್ಯವಹರಿಸುವುದು ಮುಖ್ಯವಾಗಿ ವಾಸನೆಯಿಂದ. ಹೀಗೆ ಒಂದೇ ಜಾತಿಯ ಜೀವಿಗಳ ನಡುವೆ ಸಂದೇಶವಾಗುವ ರಾಸಾಯನಿಕಗಳಿಗೆ ಫೆರೋಮೋನ್ ಎಂದು ಹೆಸರು. ಚಗಳಿಯ ಆಫ್ರಿಕದ ಸಹೋದರ ಜಾತಿಯ ಮೇಲೆ 1970ರ ದಶಕದಲ್ಲಿ ನಡೆದ ಅಧ್ಯಯನವು ದವಡೆಯ ಬುಡದ ಗ್ರಂಥಿಯಿಂದ ಬರುವ ಎಚ್ಚರಿಕೆಯ ಸಂದೇಶವನ್ನು ಬಿಡಿಸಿ ನೋಡಿತು. ಅದು ಒಂದು ವಸ್ತುವಲ್ಲ, ಬೇರೆ ಬೇರೆ ವೇಗದಲ್ಲಿ ಆವಿಯಾಗುವ ಹಲವು ವಸ್ತುಗಳ ಮಿಶ್ರಣ. ಅತಿ ಬೇಗ ಹರಡುವ ಹೆಕ್ಸನಾಲ್ ಮೊದಲು ತಲುಪಿ ಇರುವೆಗಳನ್ನು ಎಚ್ಚರಿಸುತ್ತದೆ. ಅವು ನಿಂತಲ್ಲೇ ದವಡೆ ತೆರೆದು ಕುಡಿಮೀಸೆ ಎತ್ತಿ ಗಲಿಬಿಲಿಯಿಂದ ಓಡಾಡತೊಡಗುತ್ತವೆ. ಅದರ ಬೆನ್ನಿಗೆ ಬರುವ ಹೆಕ್ಸನಾಲ್ ಎಂಬ ಮದ್ಯಸಾರ, ಉಚ್ಚಾರದಲ್ಲಿ ಮೊದಲಿನದರಂತೆಯೇ ಕೇಳಿಸುವ ಆದರೆ ಬೇರೆಯೇ ಆದ ವಸ್ತು, ಅವುಗಳನ್ನು ವಾಸನೆಯ ಮೂಲದ ಕಡೆಗೆ ಎಳೆಯುತ್ತದೆ. ಆವಿಯಾಗಲು ನಿಧಾನಿಸುವ ಅಂಡೆಕನೋನ್ ಮತ್ತು ಬ್ಯುಟೈಲ್‌ಆಕ್ಟೆನಾಲ್ ಹೊಸಕಿದ ಜಾಗದಲ್ಲಿಯೇ ಅಂಟಿಕೊಂಡಿದ್ದು, ಅಲ್ಲಿಗೆ ತಲುಪಿದ ಇರುವೆಗೆ ಕಚ್ಚಬೇಕಾದದ್ದು ಇಲ್ಲಿಯೇ ಎಂದು ಗುರುತು ತೋರಿಸುತ್ತವೆ. ದೂರದಲ್ಲಿದ್ದ ಇರುವೆ ಎಚ್ಚೆತ್ತು, ದಿಕ್ಕು ಹಿಡಿದು, ಸರಿಯಾದ ಜಾಗಕ್ಕೆ ಬಂದು ದವಡೆ ಊರುವ ತನಕದ ಇಡೀ ಕ್ರಮ ಆ ವಸ್ತುಗಳ ಆವಿಯಾಗುವ ವೇಗದಲ್ಲಿಯೇ ಅಡಗಿದೆ. ಅದಕ್ಕೆ ಯಾರ ಆಜ್ಞೆಯೂ ಬೇಕಿಲ್ಲ.

ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ವಿಷಗ್ರಂಥಿಯ ಪಕ್ಕದಲ್ಲಿರುವ ಡುಫೂರ್ ಗ್ರಂಥಿಯು ಅಂಡೆಕೇನ್ ಎಂಬ ಹೈಡ್ರೋಕಾರ್ಬನ್ನನ್ನು ತಯಾರಿಸುತ್ತದೆ. ಸೀಮೆಎಣ್ಣೆಯಲ್ಲಿಯೂ ಇರುವ ಈ ವಸ್ತು ಆಮ್ಲದ ಜೊತೆಗೆ ಹೊರಬಂದು, ಮೇಣದ ಲೇಪವಿರುವ ಶತ್ರುಕೀಟದ ಮೈಮೇಲೆ ಆಮ್ಲ ಜಾರಿಹೋಗದೆ ಹರಡುವಂತೆ ಮಾಡುತ್ತದೆ. ಅದೇ ಕ್ಷಣದಲ್ಲಿ ಸಂಗಾತಿಗಳಿಗೆ ಅಪಾಯದ ಸೂಚನೆಯೂ ಆಗುತ್ತದೆ. ಸಣ್ಣ ಪ್ರಮಾಣದಲ್ಲಿ ಸುದ್ದಿ, ದೊಡ್ಡ ಪ್ರಮಾಣದಲ್ಲಿ ಆಯುಧದ ಅಂಗ. ಇರುವೆಯ ರಸಾಯನದಲ್ಲಿ ಇಂಥ ಮಿತವ್ಯಯ ಮತ್ತೆ ಮತ್ತೆ ಕಾಣುತ್ತದೆ, ಮತ್ತು ಇದನ್ನು ಗಮನಿಸದೆ ಈ ವಸ್ತು ಈ ಕೆಲಸಕ್ಕೆ ಎಂದು ಪಟ್ಟಿ ಬರೆಯುವವರು ಸಾಮಾನ್ಯವಾಗಿ ಎಡವುತ್ತಾರೆ. ಕೊಯ್ಲಿನ ಆಳುಗಳಿಗೆ ಇದರಿಂದ ಸಿಗುವ ಪಾಠ ಸರಳ: ಮೈಮೇಲೆ ಬಿದ್ದ ಚಗಳಿಯನ್ನು ಅಲ್ಲೇ ಹೊಸಕಬಾರದು, ಕೊಡವಿಕೊಂಡು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಬೇಕು.

ದಾರಿ ತೋರುವ ಫೆರೋಮೋನುಗಳನ್ನು ನೀವು ಅಡುಗೆಮನೆಯಲ್ಲಿಯೇ ಕಂಡಿರುತ್ತೀರಿ. ಬೆಲ್ಲದ ಡಬ್ಬಿಯ ಪತ್ತೆಹಚ್ಚಿದ ಇರುವೆ ಹಿಂತಿರುಗುವಾಗ ಹಿಂಭಾಗವನ್ನು ನೆಲಕ್ಕೆ ತಾಗಿಸುತ್ತ ವಾಸನೆಯ ಗೆರೆ ಎಳೆಯುತ್ತದೆ. ಆ ಗೆರೆ ಹಿಡಿದು ಹೋಗಿ ಬೆಲ್ಲ ಸಿಕ್ಕ ಪ್ರತಿಯೊಂದು ಇರುವೆಯೂ ಅದನ್ನು ಇನ್ನಷ್ಟು ಗಾಢ ಮಾಡುತ್ತದೆ. ಬೆಂಕಿ ಇರುವೆಯಲ್ಲಿ ಈ ಗೆರೆ ಡುಫೂರ್ ಗ್ರಂಥಿಯಿಂದ ಬರುತ್ತದೆಂದು ಅಮೆರಿಕದ ಕೀಟಶಾಸ್ತ್ರಜ್ಞ ಎಡ್ವರ್ಡ್ ವಿಲ್ಸನ್ 1959ರಲ್ಲಿ ತೋರಿಸಿದರು. ಒಂಟಿ ಇರುವೆ ಎಳೆದ ಗೆರೆ ಒಂದೆರಡು ನಿಮಿಷಗಳಲ್ಲಿ ಆವಿಯಾಗಿ ಹೋಗುವುದರಿಂದ, ಬೆಲ್ಲ ಮುಗಿದ ಮೇಲೆ ದಾರಿಯೂ ತಾನಾಗಿ ಅಳಿಯುತ್ತದೆ. ಎಲೆ ಕತ್ತರಿಸುವ ಅಮೆರಿಕದ ಇರುವೆಯೊಂದರ ದಾರಿಯ ಫೆರೋಮೋನ್ ಅನ್ನು 1971ರಲ್ಲಿ ಗುರುತಿಸಿದ ವಿಜ್ಞಾನಿಗಳು, ಅದರ ಒಂದು ಮಿಲಿಗ್ರಾಮಿನ ಮೂರನೆಯ ಒಂದು ಭಾಗವಿದ್ದರೆ ಭೂಮಿಯ ಸುತ್ತ ಒಂದು ಗೆರೆ ಎಳೆಯಬಹುದೆಂದು ಲೆಕ್ಕ ಹಾಕಿದ್ದರು. ಮನೆಗಳಲ್ಲಿ ಕಾಣುವ ಸಣ್ಣ ಹಳದಿ ಫೇರೋ ಇರುವೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಹಾರವಿಲ್ಲದ ಕವಲುದಾರಿಯ ಬಾಯಲ್ಲಿ ಒಳಗೆ ಹೋಗಬೇಡಿ ಎಂಬ ನಿಷೇಧದ ಫೆರೋಮೋನನ್ನೂ ಹಚ್ಚುತ್ತದೆ. ಸಾಬೂನು ನೀರಿನ ಬಟ್ಟೆಯಿಂದ ನೆಲ ಒರೆಸಿದಾಗ ಸಾಲು ಚದುರಿಹೋಗುವುದು ಗೆರೆ ಅಳಿಸಿದ್ದರಿಂದ.

ಚಗಳಿಯದು ಇಲ್ಲಿಯೂ ಸ್ವಲ್ಪ ಭಿನ್ನ ಪದ್ಧತಿ. ಗೂಡಿರುವ ಮರದ ಎಲೆಗಳ ಮೇಲೆ ಅಲ್ಲಲ್ಲಿ ಕಂದು ಬಣ್ಣದ ಸಣ್ಣ ಒಣ ಚುಕ್ಕಿಗಳಿರುತ್ತವೆ. ಅವು ಚಗಳಿಯ ಮಲದ ಹನಿಗಳು. ಈ ಮರ ನಮ್ಮದು ಎಂಬ ಗಡಿಗುರುತನ್ನೂ ಅವು ಒಳಗೊಂಡಿವೆ. ನೆರೆಯ ಗೂಡಿನ ಚಗಳಿ ಅಂಥ ಜಾಗಕ್ಕೆ ಬಂದರೆ ಹಿಂಜರಿಯುತ್ತದೆ. ಈ ವಾಸನೆಯನ್ನು ಬೇರೆ ಕೀಟಗಳೂ ಓದಬಲ್ಲವು. ಆಫ್ರಿಕದ ಬೆನಿನ್ ದೇಶದ ಮಾವಿನ ತೋಟಗಳಲ್ಲಿ ನಡೆದ ಪ್ರಯೋಗಗಳಲ್ಲಿ, ಅಲ್ಲಿನ ಚಗಳಿಗಳು ಮೊದಲೇ ಓಡಾಡಿದ ಹಣ್ಣುಗಳ ಮೇಲೆ, ಇರುವೆಗಳನ್ನು ತೆಗೆದ ನಂತರವೂ, ಹಣ್ಣಿನ ನೊಣಗಳು ಮೊಟ್ಟೆಯಿಡಲು ಹಿಂದೆಗೆದವು. ಕಿತ್ತಳೆ, ಮಾವು ಇರುವ ಕೊಡಗಿನ ತೋಟಗಾರರು ಈ ಸಂಗತಿಯನ್ನು ಗಮನದಲ್ಲಿಡುವುದು ಒಳ್ಳೆಯದು.

ಗೂಡಿನವರು ಯಾರು, ಹೊರಗಿನವರು ಯಾರು ಎಂಬುದನ್ನು ತಿಳಿಸುವ ವಸ್ತುಗಳು ಇವುಗಳಿಗಿಂತ ಭಾರವಾದವು ಮತ್ತು ಬಹುಮಟ್ಟಿಗೆ ಆವಿಯಾಗದವು. ಇರುವೆಯ ಮೈಮೇಲಿನ ತೆಳು ಮೇಣದ ಪದರದಲ್ಲಿ ಉದ್ದ ಸರಪಣಿಯ ಹತ್ತಾರು ಹೈಡ್ರೋಕಾರ್ಬನ್ನುಗಳಿರುತ್ತವೆ. ಮೈ ಒಣಗದಂತೆ ನೀರನ್ನು ಹಿಡಿದಿಡುವುದು ಅವುಗಳ ಮೂಲ ಕೆಲಸ. ಅವುಗಳ ಪ್ರಮಾಣಗಳು ಗೂಡಿನಿಂದ ಗೂಡಿಗೆ ಬೇರೆಯಾದ್ದರಿಂದ ಕುಡಿಮೀಸೆಯಿಂದ ಮುಟ್ಟಿದ ಮಾತ್ರಕ್ಕೆ ಸಂಗಾತಿಯೋ ಪರಕೀಯನೋ ಗೊತ್ತಾಗುತ್ತದೆ. ಅದೇ ಪದರದಲ್ಲಿ ಪದವಿಯ ಗುರುತೂ ಇದೆ. ದಕ್ಷಿಣ ಭಾರತದ ಕಾಡುಗಳಲ್ಲಿ ಕಾಣುವ, ದೊಡ್ಡ ಕಣ್ಣಿನ, ನೆಗೆಯುವ ಇರುವೆ ಹಾರ್ಪೆಗ್ನಾಥೋಸ್ ಸಾಲ್ಟೇಟರ್‌ನಲ್ಲಿ ರಾಣಿ ಸತ್ತರೆ ಕೆಲಸಗಾರ್ತಿಯರೇ ಕುಡಿಮೀಸೆಗಳಿಂದ ಪರಸ್ಪರ ಬಡಿದಾಡಿ, ಗೆದ್ದ ಕೆಲವರು ಮೊಟ್ಟೆಯಿಡಲು ತೊಡಗುತ್ತಾರೆ. ಆಗ ಅವರ ಮೈಮೇಲಿನ ಹೈಡ್ರೋಕಾರ್ಬನ್ನುಗಳ ಮಿಶ್ರಣವೂ ಬದಲಾಗಿ ಉಳಿದವರಿಗೆ ಅವರ ಹೊಸ ಸ್ಥಾನವನ್ನು ತಿಳಿಸುತ್ತದೆ. ಆಸ್ಟ್ರೇಲಿಯದ ಒಂದು ನೆಗೆಯುವ ಜೇಡ ಚಗಳಿಯ ಮರಿಗಳನ್ನು ತಿಂದು ಅವುಗಳ ವಾಸನೆಯನ್ನೇ ಮೈಗೆ ಪಡೆದು ಗೂಡಿನೊಳಗೆ ಸಲೀಸಾಗಿ ಓಡಾಡುತ್ತದೆ. ನಮ್ಮಲ್ಲಿ ಕಾಣುವ, ಚಗಳಿಯನ್ನೇ ಹೋಲುವ ಜೇಡವಾದರೋ ರೂಪದಲ್ಲಿ ಮಾತ್ರ ಅನುಕರಿಸುತ್ತದೆ. ಅದು ಹಕ್ಕಿಗಳ ಕಣ್ಣಿಗೆ ಮಣ್ಣೆರಚಬಲ್ಲದು, ಚಗಳಿಯ ಹತ್ತಿರ ಹೋಗಲು ಹೆದರುತ್ತದೆ.

ಸತ್ತ ಇರುವೆಯ ವಿಷಯದಲ್ಲಿ ವಿಲ್ಸನ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಹೆಣ ಕೊಳೆಯುವಾಗ ಉಂಟಾಗುವ ಓಲೇಯಿಕ್ ಆಮ್ಲವನ್ನು ಅವರು ಜೀವಂತ ಇರುವೆಗೆ ಸವರಿದಾಗ, ಅದು ಒದ್ದಾಡುತ್ತಿದ್ದರೂ ಸಂಗಾತಿಗಳು ಅದನ್ನು ಹೊತ್ತು ಹೆಣದ ತಿಪ್ಪೆಗೆ ಎಸೆದು ಬಂದವು. ಅದು ಮೈ ಶುದ್ಧ ಮಾಡಿಕೊಳ್ಳುವ ತನಕ ಮತ್ತೆ ಮತ್ತೆ ಹೊತ್ತೊಯ್ದವು. ಹಲವು ಕಾಡುಗಿಡಗಳ ಬೀಜಗಳಿಗೆ ಅಂಟಿಕೊಂಡಿರುವ ಕೊಬ್ಬಿನ ಮುದ್ದೆಯಲ್ಲಿಯೂ ಇದೇ ಆಮ್ಲವೂ ಅದರ ಸಂಯುಕ್ತಗಳೂ ಇದ್ದು, ಇರುವೆಗಳು ಅವನ್ನು ಗೂಡಿಗೆ ಒಯ್ದು ಕೊಬ್ಬನ್ನು ತಿಂದು ಬೀಜವನ್ನು ಹೊರಹಾಕುತ್ತವೆ. ಹೀಗೆ ಇರುವೆಯ ಸಂಕೇತವನ್ನೇ ಬಳಸಿಕೊಂಡು ಗಿಡಗಳು ಬಿತ್ತನೆ ಮಾಡಿಸಿಕೊಳ್ಳುತ್ತವೆ.

ಸಾವಿರಾರು ಜೀವಗಳು ಒತ್ತಾಗಿ ಬಾಳುವಲ್ಲಿ ರೋಗದ ಭಯ ಸಹಜ. ಬಹುಪಾಲು ಇರುವೆಗಳ ಎದೆಯ ಇಕ್ಕೆಲಗಳಲ್ಲಿ ಮೆಟಾಪ್ಲೂರಲ್ ಎಂಬ ಗ್ರಂಥಿಯಿದ್ದು, ಅದರ ಸ್ರಾವ ಬೂಷ್ಟು ಮತ್ತು ಬ್ಯಾಕ್ಟೀರಿಯಗಳನ್ನು ತಡೆಯುತ್ತದೆ. ಚಗಳಿಗೂ ಹೆಚ್ಚಿನ ಗೊದ್ದಗಳಿಗೂ ಈ ಗ್ರಂಥಿ ಇಲ್ಲ. ಅವುಗಳ ಉಪಕುಟುಂಬದಲ್ಲಿ ಆ ಕೊರತೆ ತುಂಬುವಲ್ಲಿ ಮತ್ತೆ ಫಾರ್ಮಿಕ್ ಆಮ್ಲದ ಪಾತ್ರವಿದೆ: ಗೊದ್ದಗಳು ತಮ್ಮ ಆಮ್ಲವನ್ನು ನೆಕ್ಕಿ ನುಂಗಿ ಅನ್ನಚೀಲವನ್ನು ಆಮ್ಲೀಯಗೊಳಿಸಿ, ಆಹಾರದೊಂದಿಗೆ ಬಂದ ರೋಗಾಣುಗಳನ್ನು ಕೊಲ್ಲುತ್ತವೆಂದು 2020ರಲ್ಲಿ ತಿಳಿದುಬಂದಿತು. ಯೂರೋಪಿನ ಕಾಡಿರುವೆ ಮರದ ಅಂಟನ್ನು ಗೂಡಿಗೆ ತಂದು ಅದಕ್ಕೆ ಆಮ್ಲ ಸಿಂಪಡಿಸುತ್ತದೆ. ಬೂಷ್ಟಿನ ಮೇಲೆ ಆ ಮಿಶ್ರಣದ ಪರಿಣಾಮ ಬರಿಯ ಅಂಟಿಗಿಂತ ಹೆಚ್ಚು. ಜೇನು ಸಾಕಣೆಯಲ್ಲಿ ವರೋವಾ ನುಸಿಯ ವಿರುದ್ಧ ಮನುಷ್ಯರು ಫಾರ್ಮಿಕ್ ಆಮ್ಲದ ಆವಿಯನ್ನು ಬಳಸುವುದೂ ಇದೇ ಗುಣದಿಂದ.

ಇರುವೆಯ ರಸಾಯನಗಳು ಇರುವೆಯಲ್ಲೇ ನಿಲ್ಲುವುದಿಲ್ಲ. ಮಧ್ಯ ಅಮೆರಿಕದ ವಿಷಕಪ್ಪೆಗಳ ಚರ್ಮದ ಕೆಲವು ಆಲ್ಕಲಾಯ್ಡುಗಳು ಅವು ತಿನ್ನುವ ಇರುವೆಗಳಿಂದ ಬಂದವು. ಹಲವು ಹಕ್ಕಿಗಳು ಇರುವೆ ಗೂಡಿನ ಮೇಲೆ ರೆಕ್ಕೆ ಹರಡಿ ಕೂರುವುದೋ, ಇರುವೆಯನ್ನು ಕೊಕ್ಕಿನಲ್ಲಿ ಹಿಡಿದು ಗರಿಗಳಿಗೆ ಉಜ್ಜುವುದೋ ಉಂಟು. ಹೇನು ಕಳೆಯಲೆಂದು ಕೆಲವರು, ತಿನ್ನುವ ಮುನ್ನ ಆಮ್ಲ ಬರಿದು ಮಾಡಲೆಂದು ಇನ್ನು ಕೆಲವರು ಅದಕ್ಕೆ ಕಾರಣ ಹೇಳುತ್ತಾರೆ, ಎರಡನೆಯದೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ನಮ್ಮ ಮರಗಳಲ್ಲಿ ಸಗಣಿಯ ಮುದ್ದೆಯಂತೆ ತೋರುವ ಕಪ್ಪು ಗೂಡು ಕಟ್ಟುವ, ಹಿಂಭಾಗವನ್ನು ತಲೆಯ ಮೇಲಕ್ಕೆ ಎತ್ತಿ ಬೆದರಿಸುವ ಕ್ರೆಮಾಟೊಗ್ಯಾಸ್ಟರ್ ಇರುವೆಗಳ ಗೂಡಿನೊಳಗೇ ಕಂದು ಮರಕುಟಿಗ ತನ್ನ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಅಷ್ಟೂ ಇರುವೆಗಳ ಸಿಟ್ಟು ಕಾವಲಾಗಿ ಒದಗುತ್ತದೆ. ಗಾಳಿಯಲ್ಲಿ ಮತ್ತು ಮಳೆನೀರಿನಲ್ಲಿರುವ ಫಾರ್ಮಿಕ್ ಆಮ್ಲ ಇರುವೆಗಳಿಂದ ಬಂದದ್ದೇ ಎಂದು ಕೇಳುವವರಿದ್ದಾರೆ. ಅದರಲ್ಲಿ ಇರುವೆಗಳ ಪಾಲು ಇದೆ, ಆದರೆ ಹೆಚ್ಚಿನದು ಗಿಡಮರಗಳು ಹೊರಬಿಡುವ ಅನಿಲಗಳು ಬಿಸಿಲಿನಲ್ಲಿ ಉತ್ಕರ್ಷಣೆಗೊಂಡು ಉಂಟಾದದ್ದು.

ಇನ್ನು ತೋಟದ ಲೆಕ್ಕ. ಕಾಫಿಯ ಎಳೆ ಚಿಗುರಿನ ರಸ ಹೀರುವ, ತೋಟಗಳಲ್ಲಿ ಗ್ರೀನ್ ಸ್ಕೇಲ್ ಎಂದೇ ಕರೆಯುವ ಹಸಿರು ತಿಗಣೆ ಮತ್ತು ಹಿಟ್ಟು ತಿಗಣೆಗಳು ಹೊರಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ, ಶತ್ರುಗಳನ್ನು ಓಡಿಸುತ್ತವೆ. ಉಳಿದ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ ಮಸಿಯಾಗುತ್ತದೆ. ಚಗಳಿಯೂ ಈ ತಪ್ಪಿನಲ್ಲಿ ಪಾಲುದಾರನೇ. ಆದರೆ ಇಲ್ಲಿ ರಸಾಯನ ಎಷ್ಟು ಸಿಕ್ಕಾದ ಆಟ ಆಡುತ್ತದೆಂಬುದಕ್ಕೆ ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ಕಾಫಿ ತೋಟಗಳಲ್ಲಿ ಐವೆಟ್ ಪರ್ಫೆಕ್ಟೊ, ಜಾನ್ ವ್ಯಾಂಡರ್‌ಮೀರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವನ್ನು ಹೇಳಲೇಬೇಕು. ಅಲ್ಲಿ ನಮ್ಮಲ್ಲಿರುವುದೇ ಆದ ಹಸಿರು ತಿಗಣೆಯನ್ನು ನೆರಳಿನ ಮರದಲ್ಲಿ ಗೂಡು ಕಟ್ಟುವ ಅಜ್‌ಟೆಕಾ ಎಂಬ ಇರುವೆ ಕಾಯುತ್ತದೆ. ತಿಗಣೆ ತಿನ್ನುವ ಗುಲಗಂಜಿ ಹುಳುವನ್ನು ಈ ಇರುವೆ ಹತ್ತಿರ ಸೇರಿಸುವುದಿಲ್ಲ. ಆದರೆ ಇರುವೆಗೂ ಒಂದು ಶತ್ರುವಿದೆ, ಅದರ ಮೈಯೊಳಗೆ ಮೊಟ್ಟೆಯಿಡುವ ಒಂದು ಸಣ್ಣ ನೊಣ. ನೊಣ ಎರಗಿದಾಗ ಇರುವೆ ಎಚ್ಚರಿಕೆಯ ಫೆರೋಮೋನ್ ಬಿಡುತ್ತದೆ, ಸುತ್ತಲಿನ ಇರುವೆಗಳು ನೊಣದ ಕಣ್ಣಿಗೆ ಬೀಳದಂತೆ ಅಲುಗಾಡದೆ ನಿಂತುಬಿಡುತ್ತವೆ. ಆ ವಾಸನೆಯನ್ನು ಮೊಟ್ಟೆಯಿಡಲು ಸಿದ್ಧವಾದ ಹೆಣ್ಣು ಗುಲಗಂಜಿ ಹುಳು ಗುರುತಿಸಿ, ಇರುವೆಗಳು ಸ್ತಬ್ಧವಾಗಿರುವ ಆ ಹೊತ್ತಿನಲ್ಲೇ ಒಳಗೆ ನುಗ್ಗಿ ಮೊಟ್ಟೆಯಿಡುತ್ತದೆ. ಹುಟ್ಟಿದ ಮರಿಗಳ ಮೈಮೇಲೆ ಮೇಣದ ಎಳೆಗಳಿರುವುದರಿಂದ ಇರುವೆಯ ದವಡೆ ಅಂಟಿ ಕಚ್ಚಲಾಗದು; ಅವು ತಿಗಣೆಯನ್ನು ತಿನ್ನುತ್ತ, ತಮ್ಮ ಶತ್ರುಗಳಾದ ಕಣಜಗಳನ್ನು ಅದೇ ಇರುವೆಗಳು ಓಡಿಸುವುದರಿಂದ ಸುರಕ್ಷಿತವಾಗಿ ಬೆಳೆಯುತ್ತವೆ. ಇರುವೆಯನ್ನು ಪೂರ್ತಿ ತೆಗೆದುಹಾಕಿದರೆ ತಿಗಣೆಯ ಕಾವಲು ತಪ್ಪುವುದರ ಜೊತೆಗೆ ಗುಲಗಂಜಿ ಮರಿಯ ಕಾವಲೂ ತಪ್ಪುತ್ತದೆ. ನಮ್ಮ ತೋಟಗಳ ಇರುವೆ ಬೇರೆ, ನೊಣ ಬೇರೆ, ಆದ್ದರಿಂದ ಈ ಕಥೆಯನ್ನು ಹಾಗೆಯೇ ಇಲ್ಲಿಗೆ ತಂದು ಕೂರಿಸಲಾಗದು; ಇರುವೆ ಇದ್ದರೆ ನಷ್ಟ, ಹೋದರೆ ಲಾಭ ಎಂಬ ಸರಳ ಲೆಕ್ಕ ನಿಲ್ಲುವುದಿಲ್ಲ ಎಂಬಷ್ಟನ್ನು ಮಾತ್ರ ತರಬಹುದು.

ಇಡೀ ತೋಟಕ್ಕೆ ಕೀಟನಾಶಕ ಹೊಡೆದು ಇರುವೆ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟದು, ಗಾಳಿಯ ಜೊತೆಗೆ ಜೇನುನೊಣವೂ ಅದಕ್ಕೆ ಬೇಕು. ಇರುವೆಗೆಂದು ಹೊಡೆದದ್ದು ಜೇನನ್ನೂ ತಟ್ಟುತ್ತದೆ. ಹಿಟ್ಟು ತಿಗಣೆಯ ವಿರುದ್ಧ 1983ರಲ್ಲಿ ನಮ್ಮ ದೇಶಕ್ಕೆ ತಂದ ಲೆಪ್ಟೋಮಾಸ್ಟಿಕ್ಸ್ ಎಂಬ ಸಣ್ಣ ಪರತಂತ್ರ ಕಣಜ ಮತ್ತು ಅದಕ್ಕಿಂತ ಹಳೆಯ ಕ್ರಿಪ್ಟೋಲೀಮಸ್ ಗುಲಗಂಜಿ ಹುಳು ಎರಡೂ ಅದೇ ಔಷಧಿಗೆ ಬಲಿಯಾಗುತ್ತವೆ. ನೀವು ಹೀಗೆ ಮಾಡಬಹುದು. ಕೊಯ್ಲಿಗೆ ಮೊದಲು ಸಾಲಿನಲ್ಲಿ ನಡೆದು, ಕೈಗೆಟಕುವ ಕಾಫಿ ಗಿಡದ ಮೇಲಿರುವ ಚಗಳಿ ಗೂಡುಗಳನ್ನು ಮಾತ್ರ, ಚಳಿಗೆ ಇರುವೆಗಳು ಮಂಕಾಗಿರುವ ಮುಂಜಾನೆಯಲ್ಲಿ, ಕೊಂಬೆಸಹಿತ ಕತ್ತರಿಸಿ ತೆಗೆಯಿರಿ. ಹಲಸು, ಹಾಲವಾಣ ಮೊದಲಾದ ನೆರಳಿನ ಮರಗಳ ಎತ್ತರದ ಗೂಡುಗಳನ್ನು ಮೆಣಸು ಕೊಯ್ಯುವ ಮರವಲ್ಲದಿದ್ದರೆ ಹಾಗೆಯೇ ಬಿಡಿ. ತಿಗಣೆ ವಿಪರೀತವಾದ ಗಿಡಗಳಲ್ಲಿ ಕಾಂಡಕ್ಕೆ ಅಂಟುಪಟ್ಟಿ ಸುತ್ತಿ, ನೆಲಕ್ಕೂ ಪಕ್ಕದ ಗಿಡಕ್ಕೂ ತಾಗುವ ರೆಕ್ಕೆಗಳನ್ನು, ಅಂದರೆ ಅಡ್ಡ ಕೊಂಬೆಗಳನ್ನು, ಕತ್ತರಿಸಿದರೆ ಇರುವೆಯ ದಾರಿ ಕಡಿದು, ತಿಗಣೆಯ ಶತ್ರುಗಳಿಗೆ ಅವಕಾಶ ಸಿಗುತ್ತದೆ. ಮಳೆಗಾಲದಲ್ಲಿ ಹಸಿರು ತಿಗಣೆಯ ಸುತ್ತ ಬಿಳಿ ಉಂಗುರದಂತೆ ಬೆಳೆದು ಅದನ್ನು ಕೊಲ್ಲುವ ಶಿಲೀಂಧ್ರವೊಂದು ನಮ್ಮ ತೋಟಗಳಲ್ಲಿ ತಾನಾಗಿಯೇ ಬರುತ್ತದೆ. ಔಷಧಿಯ ಪಂಪು ಹೊರಿಸುವ ಮುನ್ನ ನಾಲ್ಕಾರು ಎಲೆಗಳನ್ನು ಮಗುಚಿ ಅಡಿಭಾಗದಲ್ಲಿ ಆ ಬಿಳಿ ಉಂಗುರ ಇದೆಯೇ ಎಂದು ನೋಡಿ, ಇದ್ದರೆ ಆ ಸಾಲನ್ನು ಬಿಟ್ಟುಬಿಡಿ. ಎಲ್ಲೆಡೆ ತಿಗಣೆಯೇ ಇದ್ದು ಉಂಗುರ ಕಾಣದಿದ್ದರೆ ಒಂದೆರಡು ಚಿಗುರುಗಳನ್ನು ಕವರಿನಲ್ಲಿಟ್ಟು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ತೋರಿಸಿದ ಮೇಲೆ ಮುಂದಿನದನ್ನು ನಿರ್ಧರಿಸಿ.